ನರಸಿಂಹಯ್ಯ, ಇಬ್ನೆ ಸಫಿ ಮತ್ತು ನಮ್ಮ ಮನೆಯ ಕನ್ನಡ

ವಾಕಡದಲ್ಲಿ ಕಲಬುರಗಿ, ಬೀದರ್ ಕಡೆಯಿಂದ ಬಂದ ಮನೆಗಳು ಬಹಳ. ಆ ಮನೆಗಳ ಮಕ್ಕಳಿಗೆ ಭಾನುವಾರ ಒಂದು ತಾಸು ಕನ್ನಡ ಹೇಳಿಕೊಡುತ್ತೇನೆ. ಹೋದ ತಿಂಗಳು ಎಂಟನೇ ಇಯತ್ತೆಯ ಹುಡುಗನೊಬ್ಬ ಕೇಳಿದ: "ಸರ್, ಕನ್ನಡದಾಗ ಮಜಾ ಬರೋ ಪುಸ್ತಕ ಯಾವುದಾದ್ರೂ ಐತೇನ್ರಿ?" ನಾನು ಕೂಡಲೇ ಪಠ್ಯದಲ್ಲಿರುವ ದೊಡ್ಡ ಹೆಸರುಗಳನ್ನು ಹೇಳತೊಡಗಿದೆ. ಅವನ ಮುಖ ನೋಡಿ ಸುಮ್ಮನಾದೆ. ಅವನಿಗೆ ಹೇಳಬೇಕಾಗಿದ್ದ ಹೆಸರು ಬೇರೆಯೇ ಇತ್ತು: ಎನ್. ನರಸಿಂಹಯ್ಯ.

ನಿಮ್ಮಲ್ಲಿ ಎಷ್ಟು ಜನ ಈ ಹೆಸರು ಕೇಳಿದ್ದೀರಿ? 1925ರಲ್ಲಿ ಹುಟ್ಟಿ 2011ರಲ್ಲಿ ತೀರಿಕೊಂಡ ನರಸಿಂಹಯ್ಯ ಶಾಲೆ ಕಲಿತದ್ದು ನಾಲ್ಕನೇ ತರಗತಿಯವರೆಗೆ ಮಾತ್ರ. ಅಷ್ಟು ಕಲಿತವರು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. 1950ರ ದಶಕದಿಂದ ಅವರ 'ಪತ್ತೇದಾರ ಪುರುಷೋತ್ತಮ' ಕನ್ನಡದ ಓದುಗರಿಗೆ ಮನೆಯವನೇ ಆಗಿಬಿಟ್ಟ. ಅವನ ಹಿಂದೆ ಮಧುಸೂದನ ಬಂದ, ಅರಿಂಜಯ ಬಂದ. ಸಣ್ಣ ಪುಸ್ತಕ, ಕಡಿಮೆ ಬೆಲೆ, ಎಲ್ಲರಿಗೂ ಅರ್ಥವಾಗುವ ಕನ್ನಡ. ಬಸ್‌ಸ್ಟ್ಯಾಂಡಿನಲ್ಲಿ ಸಿಗುತ್ತಿತ್ತು, ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ಬಾಡಿಗೆಗೂ ಸಿಗುತ್ತಿತ್ತು. ತಮ್ಮ ಓದು ಶುರುವಾದದ್ದೇ ನರಸಿಂಹಯ್ಯನವರಿಂದ ಅಂತ ಕನ್ನಡದ ಎಷ್ಟೋ ಲೇಖಕರು ಹೇಳಿಕೊಂಡಿದ್ದಾರೆ.

ಸರಿಸುಮಾರು ಅದೇ ಕಾಲದಲ್ಲಿ ಉರ್ದುವಿನಲ್ಲೂ ಇಂಥದೇ ಒಂದು ಕೆಲಸ ನಡೆದಿತ್ತು. ಅಲಹಾಬಾದಿನಲ್ಲಿ ಶಾಲಾ ಮಾಸ್ತರಿಕೆ ಮಾಡುತ್ತಿದ್ದ ಅಸ್ರಾರ್ ಅಹ್ಮದ್ ಎಂಬ ಯುವಕ ಕವಿತೆ ಬರೆಯುತ್ತಿದ್ದರು, ವಿಡಂಬನೆ ಬರೆಯುತ್ತಿದ್ದರು. ಅಶ್ಲೀಲ ಇಲ್ಲದೆ ಉರ್ದು ಪುಸ್ತಕ ಮಾರಾಟವಾಗುವುದಿಲ್ಲ ಅನ್ನುವ ಮಾತನ್ನು ಅವರು ಒಪ್ಪಲಿಲ್ಲ. 1952ರಲ್ಲಿ 'ಜಾಸೂಸಿ ದುನಿಯಾ' ಶುರುವಾಯಿತು, ಲೇಖಕರ ಹೆಸರು ಇಬ್ನೆ ಸಫಿ. ಮೊದಲ ಕಾದಂಬರಿ 'ದಿಲೇರ್ ಮುಜ್ರಿಮ್'ನ ಕಥಾವಸ್ತು ಇಂಗ್ಲಿಷಿನದು ಅಂತ ಅವರೇ ಮುಚ್ಚಿಡದೆ ಹೇಳಿದ್ದಾರೆ. ಆದರೆ ಅದರಲ್ಲಿದ್ದ ಫರೀದಿ ಮತ್ತು ಹಮೀದ್ ಅವರ ಸ್ವಂತದವರು. ಅದೇ ವರ್ಷ ಅವರು ಕರಾಚಿಗೆ ಹೋದರು. ಆದರೂ ಹಸ್ತಪ್ರತಿಗಳು ಗಡಿ ದಾಟಿ ಅಲಹಾಬಾದಿಗೆ ಬರುತ್ತಲೇ ಇದ್ದವು. ಅಬ್ಬಾಸ್ ಹುಸೇನಿ ಇಲ್ಲಿ ಪ್ರಕಟಿಸುತ್ತಿದ್ದರು. 1955ರಲ್ಲಿ ಇಮ್ರಾನ್ ಸರಣಿ ಬಂತು.

1960ರಲ್ಲಿ ಇಬ್ನೆ ಸಫಿ ಮಾನಸಿಕ ಕಾಯಿಲೆಗೆ ತುತ್ತಾದರು. ಮೂರು ವರ್ಷ ಬರವಣಿಗೆ ನಿಂತಿತು. ಆ ಸಂದಿನಲ್ಲಿ ಅವರ ಹೆಸರನ್ನೇ ಹೋಲುವ ಹೆಸರಿಟ್ಟುಕೊಂಡು ನಕಲಿ ಲೇಖಕರು ಹುಟ್ಟಿಕೊಂಡರು. 1963ರಲ್ಲಿ 'ಡೇಢ್ ಮತ್‌ವಾಲೆ' ಬಂದಾಗ ಭಾರತದಲ್ಲಿ ಅದನ್ನು ಬಿಡುಗಡೆ ಮಾಡಿದವರು ಲಾಲ್ ಬಹಾದೂರ್ ಶಾಸ್ತ್ರಿ. 1980ರ ಜುಲೈ 26ರಂದು, ತಮ್ಮ ಐವತ್ತೆರಡನೇ ಹುಟ್ಟುಹಬ್ಬದ ದಿನವೇ ತೀರಿಕೊಂಡರು. ಎರಡೂ ಸರಣಿ ಸೇರಿ ಸುಮಾರು 245 ಕಾದಂಬರಿ.

ಇಲ್ಲಿ ಒಂದು ಸಂಗತಿ ಗಮನಿಸಿ. ಈ ಕಾದಂಬರಿಗಳು ಹಿಂದಿಗೆ ಬಂದಾಗ ಫರೀದಿ ವಿನೋದನಾದ, ಇಮ್ರಾನ್ ರಾಜೇಶನಾದ. ಹೆಚ್ಚು ಓದುಗರನ್ನು ಮುಟ್ಟಲು ಹಾಗೆ ಮಾಡಿರಬಹುದು, ವ್ಯಾಪಾರದ ಲೆಕ್ಕ ಅದು. ಆದರೆ ನನ್ನ ತರಗತಿಯ ಇಮ್ರಾನನ ಕಣ್ಣಿನಿಂದ ನೋಡಿ. ತನ್ನ ಹೆಸರಿನವನೊಬ್ಬ ಬುದ್ಧಿವಂತನಾಗಿ, ಧೈರ್ಯಶಾಲಿಯಾಗಿ, ಕಾನೂನಿನ ಪರ ನಿಂತು ಅಪರಾಧಿಯನ್ನು ಹಿಡಿಯುವ ಕತೆ ಓದುವುದು ಅವನಿಗೆ ಸಣ್ಣ ವಿಷಯವಲ್ಲ. ಕನ್ನಡದ ಹುಡುಗನಿಗೆ ಪುರುಷೋತ್ತಮ ಕೊಟ್ಟದ್ದೂ ಅದನ್ನೇ: ನಮ್ಮ ಭಾಷೆ ಆಡುವ ನಮ್ಮವನೇ ಪತ್ತೇದಾರನೂ ಆಗಬಲ್ಲ ಅನ್ನುವ ನಂಬಿಕೆ.

ನಮ್ಮ ಮನೆಯಲ್ಲಿ ಇವರಿಬ್ಬರೂ ಒಂದೇ ಕಪಾಟಿನಲ್ಲಿದ್ದರು. ದಾದಾ ಕಲಿತದ್ದು ನಿಜಾಮರ ಕಾಲದಲ್ಲಿ. ಕಲಬುರಗಿ, ಬೀದರ್, ರಾಯಚೂರುಗಳಲ್ಲಿ ಆಗ ಕಚೇರಿ ಭಾಷೆ ಉರ್ದು. 1948ರಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು, 1956ರಲ್ಲಿ ನಮ್ಮ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಅರ್ಜಿ, ರಸೀದಿ, ಕೋರ್ಟಿನ ಕಾಗದ ನಿಧಾನವಾಗಿ ಕನ್ನಡಕ್ಕೆ ತಿರುಗಿದವು. ಸಂತೆಯಲ್ಲಿ ಕನ್ನಡ ಸಲೀಸಾಗಿ ಆಡುತ್ತಿದ್ದವರು ಓದಲು ತಡವರಿಸಿದರು. ಅಬ್ಬಾ ಹೇಳುತ್ತಿದ್ದರು: "ಶಾಲಿ ಪುಸ್ತಕ ನನಗ ಅಕ್ಷರ ಕಲಿಸ್ತು. ಓದೋದು ಕಲಿಸಿದ್ದು ನರಸಿಂಹಯ್ಯ." ಮುಂದಿನ ಪುಟದಲ್ಲಿ ಕೊಲೆಗಾರ ಯಾರು ಅಂತ ತಿಳಿಯಬೇಕಾದರೆ ತಡವರಿಸಿಕೊಂಡಾದರೂ ಓದಲೇಬೇಕಲ್ಲ!

ಇಂಥ ಪುಸ್ತಕಗಳನ್ನು ವಿಮರ್ಶಕರು ಬಹಳ ಕಾಲ ಪಕ್ಕಕ್ಕಿಟ್ಟರು. ಐನೂರು ಕಾದಂಬರಿಗಳಲ್ಲಿ ಎಲ್ಲವೂ ಚೆನ್ನಾಗಿವೆ ಅಂತ ನಾನೂ ಹೇಳುವುದಿಲ್ಲ. ಅವಸರದ ಬರಹವಿದೆ, ನಂಬಲಾಗದ ತಿರುವುಗಳಿವೆ. ಆದರೆ ಓದುಗರೇ ಇಲ್ಲದಿದ್ದರೆ ದೊಡ್ಡ ಸಾಹಿತ್ಯವನ್ನು ಓದುವವರು ಯಾರು? ಆ ಓದುಗರನ್ನು ತಯಾರು ಮಾಡಿದವರು ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ನರಸಿಂಹಯ್ಯನಂಥವರು. ಉರ್ದು ಮನೆಗಳಿಂದ ಬಂದ ನಾವೂ ಆ ಋಣದಲ್ಲಿದ್ದೇವೆ.

ಆದ್ದರಿಂದ ಒಂದು ವಿನಂತಿ. ಮುಂದಿನ ಸಲ ಊರಿಗೆ ಹೋದಾಗ ಅಟ್ಟದ ಮೇಲಿನ ಟ್ರಂಕು ತೆಗೆದು ನೋಡಿ. ಮುಖಪುಟ ಕಿತ್ತುಹೋದ ಪುರುಷೋತ್ತಮನೋ, ಗೆದ್ದಲು ಮುಟ್ಟಿದ ಜಾಸೂಸಿ ದುನಿಯಾವೋ ಸಿಕ್ಕರೆ ರದ್ದಿಗೆ ಹಾಕಬೇಡಿ. ಮನೆಯ ಹಿರಿಯರನ್ನು ಕೂಡಿಸಿಕೊಂಡು, ಅದನ್ನು ಎಲ್ಲಿ ಕೊಂಡಿರಿ, ಯಾರಿಂದ ಎರವಲು ತಂದಿರಿ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಅದೂ ನಮ್ಮ ಸಮುದಾಯದ ಇತಿಹಾಸವೇ.

ಆ ಹುಡುಗನಿಗೆ ಅಬ್ಬಾ ಉಳಿಸಿಟ್ಟ ಒಂದು ಹಳೆಯ ಪ್ರತಿ ಕೊಟ್ಟಿದ್ದೇನೆ. ಮುಂದಿನ ಭಾನುವಾರ ಬಂದವನೇ ಕೇಳಿದ: "ಸರ್, ಇನ್ನೊಂದು ಐತೇನ್ರಿ?"