ಸಕಲವಾರದಿಂದ ಬಳ್ಳಾರಿಗೆ: ಊರಿಗೆ ಬಂದ ಮನೋವೈದ್ಯ

ನಲವತ್ತೈದು ವರ್ಷಗಳ ಹಿಂದೆ ಕೂಡ್ಲಿಗಿಯ ಕಡೆಯ ಹಳ್ಳಿಯೊಂದರಲ್ಲಿ ಯಾರಿಗಾದರೂ ಚಿತ್ತ ಕೆಟ್ಟರೆ ಮನೆಯವರು ಮೊದಲು ದೇವರಿಗೆ ಹರಕೆ ಹೊರುತ್ತಿದ್ದರು, ಆಮೇಲೆ ಮಂತ್ರವಾದಿಯ ಬಳಿಗೆ ಹೋಗುತ್ತಿದ್ದರು. ರಾಜ್ಯದಲ್ಲಿ ಸರ್ಕಾರಿ ಮಾನಸಿಕ ಆಸ್ಪತ್ರೆಗಳಿದ್ದದ್ದು ಬೆಂಗಳೂರು ಮತ್ತು ಧಾರವಾಡದಲ್ಲಿ ಮಾತ್ರ. ಬಸ್ ಚಾರ್ಜು, ಎರಡು ದಿನದ ಕೂಲಿ, ಜೊತೆಗೊಬ್ಬ ಗಟ್ಟಿಮುಟ್ಟಾದ ಆಳು, ಇಷ್ಟನ್ನೂ ಹೊಂದಿಸಿಕೊಂಡು ಅಲ್ಲಿಗೆ ಹೋಗುವ ಹೊತ್ತಿಗೆ ಕಾಯಿಲೆ ಬಲಿತಿರುತ್ತಿತ್ತು. ತಂದ ಮಾತ್ರೆ ತಿಂಗಳಲ್ಲಿ ಮುಗಿದರೆ ಮತ್ತೆ ಅಷ್ಟು ದೂರ ಹೋಗುವವರು ಕಡಿಮೆ.

ಈ ದೂರವನ್ನು ತಗ್ಗಿಸುವ ಕೆಲಸ ಶುರುವಾದದ್ದು ಬೆಂಗಳೂರಿನಲ್ಲೇ. ಜನ ‘ಹುಚ್ಚಾಸ್ಪತ್ರೆ’ ಎಂದೇ ಕರೆಯುತ್ತಿದ್ದ ಸರ್ಕಾರಿ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಎರಡೂ ಸೇರಿ 1974ರ ಡಿಸೆಂಬರ್‌ನಲ್ಲಿ ನಿಮ್ಹಾನ್ಸ್ ಆಯಿತು. ಮರುವರ್ಷವೇ ಅಲ್ಲಿ ಸಮುದಾಯ ಮನೋವೈದ್ಯ ಘಟಕ ಹುಟ್ಟಿಕೊಂಡಿತು. ಬನ್ನೇರುಘಟ್ಟದ ಸಮೀಪದ ಸಕಲವಾರ ಆ ಘಟಕದ ಪಾಠಶಾಲೆಯಾಯಿತು. ಡಾ. ಮೋಹನ್ ಐಸಾಕ್, ಡಾ. ಸಿ.ಆರ್. ಚಂದ್ರಶೇಖರ್ ಮುಂತಾದವರು ಅಲ್ಲಿ ಒಂದು ನೇರ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಮನೆಮನೆಗೆ ಹೋಗಿ ಮಲೇರಿಯಾ ಜ್ವರ ವಿಚಾರಿಸುವ, ಮಕ್ಕಳಿಗೆ ಲಸಿಕೆ ಹಾಕಿಸುವ ಆರೋಗ್ಯ ಕಾರ್ಯಕರ್ತರೇ ಮಾನಸಿಕ ಕಾಯಿಲೆಯನ್ನೂ ಗುರುತಿಸಬಲ್ಲರೇ?

ಗುರುತಿಸಬಲ್ಲರು ಎಂಬುದು ಅನುಭವದಿಂದ ತಿಳಿಯಿತು. ಕಾರ್ಯಕರ್ತರು ದೊಡ್ಡ ದೊಡ್ಡ ರೋಗಗಳ ಹೆಸರು ಕಲಿಯಬೇಕಾಗಿರಲಿಲ್ಲ. ರಾತ್ರಿಯೆಲ್ಲ ನಿದ್ದೆಯಿಲ್ಲದೆ ತಮ್ಮಷ್ಟಕ್ಕೇ ಮಾತಾಡುವವರು, ಕಾರಣವಿಲ್ಲದೆ ಅನುಮಾನಪಡುವವರು, ಪದೇ ಪದೇ ಮೂರ್ಛೆ ಹೋಗುವವರು, ಊಟ ಕೆಲಸ ಬಿಟ್ಟು ಮೂಲೆ ಹಿಡಿದು ಕುಳಿತವರು ಯಾವ ಮನೆಯಲ್ಲಿದ್ದಾರೆ ಎಂದು ಕೇಳಿ ತಿಳಿಯುವುದು, ಅವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಬಳಿಗೆ ಕಳಿಸುವುದು, ಮಾತ್ರೆ ನಿಲ್ಲಿಸದಂತೆ ಮನೆಯವರಿಗೆ ಹೇಳುವುದು, ಇದು ಅವರ ಕೆಲಸ. ಕೇಂದ್ರದ ವೈದ್ಯರಿಗೂ ಬೇಕಾದದ್ದು ಅಲ್ಪಾವಧಿಯ ತರಬೇತಿ ಮತ್ತು ಕೆಲವೇ ಬಗೆಯ ಅಗ್ಗದ ಔಷಧಿಗಳು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಹರಿಯಾಣದ ರಾಯಪುರ ರಾಣಿಯಲ್ಲಿ ಚಂಡೀಗಢದ ವೈದ್ಯರು ನಡೆಸಿದ ಪ್ರಯತ್ನವೂ ಇದನ್ನೇ ಹೇಳಿತು. ಇವೆರಡರ ಬಲದ ಮೇಲೆ 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು.

ಆದರೆ ಕೆಲವು ಹಳ್ಳಿಗಳಲ್ಲಿ ಗೆದ್ದದ್ದು ಇಡೀ ಜಿಲ್ಲೆಯಲ್ಲಿ ನಡೆದೀತೇ? ಅದರ ಪರೀಕ್ಷೆಗೆ 1985ರಲ್ಲಿ ಆಯ್ಕೆಯಾದದ್ದು ಬಳ್ಳಾರಿ. ಈಗ ವಿಜಯನಗರಕ್ಕೆ ಸೇರಿರುವ ಕೂಡ್ಲಿಗಿ, ಹೂವಿನಹಡಗಲಿಗಳೂ ಆಗ ಬಳ್ಳಾರಿಯವೇ. ಜಿಲ್ಲಾ ಕೇಂದ್ರದಲ್ಲಿ ಮನೋವೈದ್ಯರ ಪುಟ್ಟ ತಂಡ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತರಬೇತಿ ಪಡೆದ ವೈದ್ಯರು, ಹಳ್ಳಿಯಲ್ಲಿ ಕಾರ್ಯಕರ್ತರು, ಹೀಗೆ ಮೂರು ಹಂತದ ವ್ಯವಸ್ಥೆ. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಇದನ್ನು 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶದ ಇತರ ಜಿಲ್ಲೆಗಳಿಗೆ ವಿಸ್ತರಿಸಲು ಆರಂಭಿಸಿತು. ಇಂದು ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ನಡೆಯುವ ‘ಮನೋಚೈತನ್ಯ’ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್ ಅದೇ ಬಳ್ಳಿಯ ಹೂವು.

ಮಾನಸಿಕ ಕಾಯಿಲೆಯ ವಿಷಯದಲ್ಲಿ ಆಸ್ಪತ್ರೆಯೇ ಹಳ್ಳಿಗೆ ಬಂದರೆ, ವ್ಯಸನದ ವಿಷಯದಲ್ಲಿ ಹೆಜ್ಜೆ ಬೇರೆ ಕಡೆಯಿಂದ ಬಂತು. ಇಳಕಲ್ಲಿನ ವಿಜಯ ಮಹಾಂತೇಶ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಹೆಗಲಿಗೆ ಜೋಳಿಗೆ ಹಾಕಿಕೊಂಡು ಹೊರಟರು. ಅವರು ಕಾಳು ಬೇಡಲಿಲ್ಲ, ಹಣ ಬೇಡಲಿಲ್ಲ. ಕುಡಿತ, ಬೀಡಿ, ತಂಬಾಕಿನ ಚಟವನ್ನೇ ಭಿಕ್ಷೆಯಾಗಿ ಬೇಡಿದರು. ಓಣಿಯ ಜನರೆಲ್ಲ ನೋಡುತ್ತಿರುವಾಗ ಜೇಬಿನ ತಂಬಾಕಿನ ಚೀಟಿಯನ್ನು ತೆಗೆದು ಜೋಳಿಗೆಗೆ ಹಾಕಿದವನ ಮಾತಿಗೆ ಇಡೀ ಓಣಿಯೇ ಸಾಕ್ಷಿಯಾಗುತ್ತಿತ್ತು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ಈಗ ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ.

ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳದ್ದು ಇನ್ನೊಂದು ದಾರಿ. ಊರಿನವರೇ ಸಮಿತಿ ಕಟ್ಟಿಕೊಂಡು ಕಲ್ಯಾಣಮಂಟಪದಲ್ಲೋ ಸಮುದಾಯ ಭವನದಲ್ಲೋ ಎಂಟು ದಿನದ ಶಿಬಿರ ನಡೆಸುತ್ತಾರೆ. ಯೋಗ, ಆಪ್ತಸಲಹೆ, ಕುಟುಂಬದವರ ಜೊತೆ ಮಾತುಕತೆ ಎಲ್ಲವೂ ಅಲ್ಲಿ ಇರುತ್ತವೆ. ಶಿಬಿರ ಮುಗಿಸಿ ಹೋದವರು ‘ನವಜೀವನ ಸಮಿತಿ’ಯ ಸದಸ್ಯರಾಗಿ ಮತ್ತೆ ಮತ್ತೆ ಸೇರುತ್ತಾರೆ. ಈ ಮತ್ತೆ ಸೇರುವ ಏರ್ಪಾಡೇ ಶಿಬಿರದ ಜೀವಾಳ. ಕುಡಿತ ಬಿಟ್ಟ ಮೇಲಿನ ಮೊದಲ ಹಬ್ಬ, ಮೊದಲ ಮದುವೆ ಊಟ, ಮೊದಲ ಜಗಳ ಬರುವುದು ಮನೆಗೆ ಹಿಂತಿರುಗಿದ ಮೇಲೆಯೇ.

ಆಣೆ, ಸಂಕಲ್ಪಗಳ ಜೊತೆಗೆ ವೈದ್ಯರೂ ಬೇಕು. ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈಕಾಲು ನಡುಕ, ಫಿಟ್ಸ್, ದಿಕ್ಕುತೋಚದ ಭ್ರಮೆ ಬರಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ಇದು ಇಚ್ಛಾಶಕ್ತಿಯ ಕೊರತೆಯಲ್ಲ, ಚಿಕಿತ್ಸೆಯಿರುವ ಸ್ಥಿತಿ. ಹಾಗಿದ್ದರೂ ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯವ್ಯಸನದಿಂದ ಬಳಲುವ 100 ಜನರಲ್ಲಿ ಸುಮಾರು 86 ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ.

ಈ ಕಂದಕ ಮುಚ್ಚಲು ಸಾಧನಗಳು ಈಗ ಕೈಗೆಟುಕುವಷ್ಟು ಹತ್ತಿರ ಬಂದಿವೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿದರೆ ಹಗಲು ರಾತ್ರಿ ಯಾವ ಹೊತ್ತಿನಲ್ಲೂ ಕನ್ನಡದಲ್ಲಿ ಉಚಿತ ಸಲಹೆ ಸಿಗುತ್ತದೆ. ಮಾದಕ ವ್ಯಸನಕ್ಕೆ ಸಂಬಂಧಿಸಿದ ರಾಷ್ಟ್ರೀಯ ಸಹಾಯವಾಣಿ 14446. ಈ ಸ್ಮರಣ ಸಂಚಿಕೆಯನ್ನು ಓದುವ ಪ್ರತಿ ಸಂಘ, ಶಾಲೆ, ಹಾಲಿನ ಡೇರಿ, ಗ್ರಾಮ ಪಂಚಾಯಿತಿಯವರು ಈ ಎರಡು ಸಂಖ್ಯೆಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಹಚ್ಚಬೇಕು. ಶಿಬಿರದಿಂದ, ಆಸ್ಪತ್ರೆಯಿಂದ ಊರಿಗೆ ಮರಳಿದವರನ್ನು ಮುಂದಿನ ಸಭೆಗೆ ಹೆಸರು ಹಿಡಿದು ಕರೆಯಬೇಕು.