ಕೊಬ್ಬು ವರ್ಗಾವಣೆ ಶಸ್ತ್ರಚಿಕಿತ್ಸೆ: ದೇಹತೂಕ ಮತ್ತು ಸುರಕ್ಷತೆಯ ಇತಿಹಾಸ

ಹೊಟ್ಟೆ, ಸೊಂಟ, ತೊಡೆಗಳಿಂದ ಕೊಬ್ಬನ್ನು ಹೀರಿ ತೆಗೆದು, ಅದರಲ್ಲಿನ ರಕ್ತ, ನೀರು, ಎಣ್ಣೆಯಂಶವನ್ನು ಬೇರ್ಪಡಿಸಿ, ಅದೇ ವ್ಯಕ್ತಿಯ ಮುಖ, ಸ್ತನ ಅಥವಾ ಪೃಷ್ಠಕ್ಕೆ ತುಂಬುವ ಚಿಕಿತ್ಸೆಗೆ ಕೊಬ್ಬು ವರ್ಗಾವಣೆ ಎನ್ನುತ್ತಾರೆ. ಇದು ಸ್ಥೂಲಕಾಯಕ್ಕೆ ಮದ್ದಲ್ಲ. ಮೈಯ ಆಕಾರವನ್ನು ತಿದ್ದುವ ಶಸ್ತ್ರಕ್ರಿಯೆ. ಆದರೂ ಇದಕ್ಕೆ ಮೊದಲು ವೈದ್ಯರು ಕೇಳುವ ಪ್ರಶ್ನೆಗಳಲ್ಲಿ ತೂಕದ್ದು ಮುಖ್ಯವಾದದ್ದು. ತೂಕ ಎಷ್ಟಿದೆ ಎಂಬುದರಷ್ಟೇ, ಅದು ಎಷ್ಟು ಕಾಲದಿಂದ ಹಾಗೇ ನಿಂತಿದೆ ಎಂಬುದೂ ಮುಖ್ಯ. ಈ ಎಚ್ಚರಿಕೆಗಳು ಒಮ್ಮೆಗೇ ರೂಪುಗೊಂಡವಲ್ಲ. ಹಲವು ನಿಯಮಗಳು ಸಾವುಗಳ ನಂತರವೇ ಬಂದವು.

1893ರಲ್ಲಿ ಜರ್ಮನಿಯ ಗುಸ್ಟಾವ್ ನಾಯ್ಬರ್ ತೋಳಿನ ಕೊಬ್ಬಿನ ಚೂರುಗಳನ್ನು ಮುಖದ ಗಾಯದ ಕಲೆಯಿಂದಾದ ಕುಳಿಗೆ ಕಸಿ ಮಾಡಿದರು. ಬಾದಾಮಿಗಿಂತ ದೊಡ್ಡ ಚೂರುಗಳು ಸರಿಯಾಗಿ ಉಳಿಯುವುದಿಲ್ಲ ಎಂಬುದು ಅವರಿಗಾಗಲೇ ಕಂಡಿತ್ತು. ಎರಡು ವರ್ಷದ ನಂತರ ವಿನ್ಸೆಂಟ್ಸ್ ಚೆರ್ನಿ, ಗಡ್ಡೆ ತೆಗೆದು ಖಾಲಿಯಾಗಿದ್ದ ರೋಗಿಯೊಬ್ಬರ ಸ್ತನಕ್ಕೆ ಅವರದೇ ಬೆನ್ನಿನ ಕೊಬ್ಬುಗಂಟನ್ನು ಇಟ್ಟು ತುಂಬಿದರು. 1950ರ ದಶಕದಲ್ಲಿ ಅಮೆರಿಕದ ಲಿಂಡನ್ ಪೀರ್, ಕಸಿ ಮಾಡಿದ ಕೊಬ್ಬಿನಲ್ಲಿ ವರ್ಷದ ನಂತರ ಅರ್ಧದಷ್ಟೇ ಉಳಿಯುತ್ತದೆಂದು ತೋರಿಸಿದರು. ಹೊಸ ಜಾಗದಲ್ಲಿ ರಕ್ತನಾಳಗಳು ಚಿಗುರುವವರೆಗೆ ಕೊಬ್ಬಿನ ಕಣಗಳು (ಜೀವಕೋಶಗಳು) ಸುತ್ತಲಿನ ಅಂಗಾಂಶದಿಂದ ಜಿನುಗುವ ಆಮ್ಲಜನಕದಿಂದಲೇ ಬದುಕಬೇಕು. ಕಸಿ ಚೂರಿನ ಒಂದೂವರೆ ಮಿಲಿಮೀಟರಿನಷ್ಟು ಹೊರಪದರವನ್ನು ದಾಟಿ ಒಳಗಿರುವ ಕಣಗಳಿಗೆ ಅದು ತಲಪುವುದು ಕಷ್ಟ.

ಕೊಬ್ಬನ್ನು ತೆಗೆಯುವ ವಿದ್ಯೆಯ ಆರಂಭ ದಾರುಣವಾಗಿತ್ತು. 1920ರ ದಶಕದಲ್ಲಿ ಫ್ರಾನ್ಸಿನ ಶಾರ್ಲ್ ದುಜಾರಿಯೆ ನರ್ತಕಿಯೊಬ್ಬಳ ಕಾಲಿನ ಕೊಬ್ಬನ್ನು ಕೆರೆದು ತೆಗೆಯಲು ಹೋದಾಗ ರಕ್ತನಾಳಕ್ಕೆ ಪೆಟ್ಟಾಯಿತು. ಕಾಲು ಕೊಳೆತು, ಕೊನೆಗೆ ಅದನ್ನು ಕತ್ತರಿಸಬೇಕಾಯಿತು. ಆಮೇಲೆ ಐದು ದಶಕ ಈ ದಾರಿಯಲ್ಲಿ ನಡೆಯಲು ಹೆಚ್ಚಿನವರು ಧೈರ್ಯ ಮಾಡಲಿಲ್ಲ. 1970ರ ದಶಕದಲ್ಲಿ ಇಟಲಿಯ ತಂದೆ-ಮಗ ಆರ್ಪಾಡ್ ಮತ್ತು ಜಾರ್ಜೋ ಫಿಷರ್, ಅವರ ಬೆನ್ನಿಗೇ ಪ್ಯಾರಿಸ್ಸಿನ ಈವ್-ಜೆರಾರ್ ಇಲೂಸ್, ಟೊಳ್ಳು ನಳಿಕೆಯಿಂದ ಕೊಬ್ಬನ್ನು ಹೀರುವ ವಿಧಾನವನ್ನು ರೂಪಿಸಿದರು. ಇದೇ ಇಂದಿನ ಲಿಪೊಸಕ್ಷನ್. ಆರಂಭದಲ್ಲಿ ರಕ್ತಸ್ರಾವ ವಿಪರೀತವಾಗಿತ್ತು. 1980ರ ದಶಕದಲ್ಲಿ ಕ್ಯಾಲಿಫೋರ್ನಿಯದ ಚರ್ಮವೈದ್ಯ ಜೆಫ್ರಿ ಕ್ಲೈನ್, ಮರಗಟ್ಟಿಸುವ ಲಿಡೊಕೇನ್ ಮತ್ತು ರಕ್ತನಾಳ ಕುಗ್ಗಿಸುವ ಎಪಿನೆಫ್ರಿನ್ ಮದ್ದುಗಳ ತೀರಾ ತೆಳುವಾಗಿಸಿದ ದ್ರಾವಣವನ್ನು ಮೊದಲೇ ತುಂಬಿ ಆ ಸ್ರಾವವನ್ನು ಬಹುಮಟ್ಟಿಗೆ ತಗ್ಗಿಸಿದರು. ತೂಕ ಇಲ್ಲಿ ಲೆಕ್ಕದ ಭಾಗವಾಯಿತು. ಕ್ಲೈನ್ 1990ರಲ್ಲಿ ಸೂಚಿಸಿದ ಮಿತಿ ಪ್ರತಿ ಕಿಲೋಗೆ 35 ಮಿಲಿಗ್ರಾಂ ಲಿಡೊಕೇನ್. 50 ಕಿಲೋ ತೂಗುವವರಿಗೆ 1,750, 70 ಕಿಲೋದವರಿಗೆ 2,450. ತೂಕವನ್ನು ಅಂದಾಜಿನಲ್ಲಿ ಬರೆದುಕೊಂಡರೆ ಔಷಧ ವಿಷವಾಗುವ ಅಪಾಯ ನೇರವಾಗಿಯೇ ಇದೆ.

1990ರ ದಶಕದಲ್ಲಿ ನ್ಯೂಯಾರ್ಕಿನ ಸಿಡ್ನಿ ಕೋಲ್ಮನ್, ಕೊಬ್ಬನ್ನು ಮೃದುವಾಗಿ ಹೀರಿ, ಯಂತ್ರದಲ್ಲಿ ತಿರುಗಿಸಿ, ಸಣ್ಣ ಸಣ್ಣ ಎಳೆಗಳಾಗಿ ಇರಿಸುವ ಪದ್ಧತಿಯನ್ನು ನೆಲೆಗೊಳಿಸಿದರು. ಸ್ತನದ ವಿಷಯದಲ್ಲಿ ಮಾತ್ರ ಅನುಮಾನ ಬಹುಕಾಲ ಉಳಿಯಿತು. ಸತ್ತ ಕೊಬ್ಬು ಸುಣ್ಣಗಟ್ಟಿ ಕ್ಯಾನ್ಸರ್ ಪತ್ತೆಗೆ ಅಡ್ಡಿಯಾದೀತೆಂದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್ನರ ಸಂಘ 1987ರಲ್ಲಿ ಅದನ್ನು ಬೇಡವೆಂದಿತು. 2009ರಲ್ಲಿ ಆ ನಿಲುವನ್ನು ಸಡಿಲಿಸಿತು.

ತೂಕವನ್ನು ಅಳೆಯಲು ಆಸ್ಪತ್ರೆಗಳು ಬಳಸುವ ಬಿಎಂಐ ಸೂಚ್ಯಂಕ ಹುಟ್ಟಿದ್ದು ವೈದ್ಯಕೀಯದಲ್ಲಲ್ಲ. ಬೆಲ್ಜಿಯಂನ ಖಗೋಳ ಮತ್ತು ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕೆಟ್ಲೆ 1830ರ ದಶಕದಲ್ಲಿ ಜನಸಮೂಹದ ಸರಾಸರಿಯನ್ನು ವಿವರಿಸಲು ಕಂಡುಕೊಂಡ ಸಂಬಂಧವದು: ಕಿಲೋಗ್ರಾಂ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸುವುದು. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಅದಕ್ಕೆ ಇಂದಿನ ಹೆಸರಿಟ್ಟರು. ಒಬ್ಬ ವ್ಯಕ್ತಿಯ ಮೈಯಲ್ಲಿ ಕೊಬ್ಬೆಷ್ಟು, ಸ್ನಾಯುವೆಷ್ಟು ಎಂಬುದನ್ನು ಈ ಅಂಕಿ ಹೇಳುವುದಿಲ್ಲ. ಇದನ್ನು ಮನದಟ್ಟು ಮಾಡಿಸಿದ ಒಂದು ಚಿತ್ರ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಪುಣೆಯ ಮಧುಮೇಹ ಸಂಶೋಧಕ ಸಿ. ಎಸ್. ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತಿದ್ದಾರೆ. ಇಬ್ಬರದೂ ಬಿಎಂಐ 22.3. ಆದರೆ ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ಭಾರತೀಯರಿಗೆ 23ರಿಂದಲೇ ಅಧಿಕ ತೂಕ, 25ರಿಂದಲೇ ಬೊಜ್ಜು ಎಂಬ ಮಿತಿಯನ್ನು ತಜ್ಞರು 2009ರಲ್ಲಿ ಮುಂದಿಟ್ಟದ್ದು ಇಂಥ ಅರಿವಿನಿಂದಲೇ. ವಿದೇಶಿ ಆಸ್ಪತ್ರೆಗಳ ಜಾಹೀರಾತಿನಲ್ಲಿ ಕಾಣುವ ಬಿಎಂಐ 30ರ ಗೆರೆಯನ್ನು ನಮ್ಮವರು ಹಾಗೇ ಒಪ್ಪಿಕೊಳ್ಳುವುದು ಸರಿಯಲ್ಲ.

ತೂಕ ಹೆಚ್ಚಿದ್ದರೆ ಅಪಾಯ ಹಲವು ಕಡೆಯಿಂದ ಬರುತ್ತದೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹರಿಯಬಹುದು. ನಿದ್ದೆಯಲ್ಲಿ ಉಸಿರುಕಟ್ಟುವ ತೊಂದರೆ ಇದ್ದವರಿಗೆ ಅರಿವಳಿಕೆ ಕಷ್ಟ. ಗಾಯ ಮಾಗುವುದು ನಿಧಾನ. 1994–98ರ ಲಿಪೊಸಕ್ಷನ್ ಸಾವುಗಳ ಬಗ್ಗೆ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ನರಲ್ಲಿ ನಡೆದ ಸಮೀಕ್ಷೆ 2000ರಲ್ಲಿ ಪ್ರಕಟವಾದಾಗ ಸುಮಾರು 5,000 ಶಸ್ತ್ರಕ್ರಿಯೆಗೆ ಒಂದು ಸಾವು ಕಂಡುಬಂತು. ಅವುಗಳಲ್ಲಿ ನಾಲ್ಕನೆಯ ಒಂದು ಭಾಗದಷ್ಟಕ್ಕೆ ಶ್ವಾಸಕೋಶಕ್ಕೆ ಹರಿದ ಹೆಪ್ಪೇ ಕಾರಣವಾಗಿತ್ತು. ಒಮ್ಮೆಗೆ ಐದು ಲೀಟರಿಗಿಂತ ಹೆಚ್ಚು ಹೀರಬಾರದೆಂಬ ಮಿತಿ ಆ ಕಾಲದಲ್ಲೇ ಬಲಗೊಂಡಿತು. ಎಲ್ಲರಿಗೂ ಒಂದೇ ಮಿತಿ ಸಾಲದೆಂದು 2015ರ ಅಧ್ಯಯನವೊಂದು ತೋರಿಸಿತು: ಬಿಎಂಐನ ಪ್ರತಿ ಅಂಶಕ್ಕೆ 100 ಮಿಲಿಲೀಟರ್ ದಾಟಿದರೆ ತೊಂದರೆ ಏರುತ್ತದೆ. ಅಂದರೆ ಬಿಎಂಐ 21 ಇರುವ ತೆಳ್ಳನೆಯ ಹುಡುಗಿಗೆ ಐದು ಲೀಟರ್ ದೂರದ ಮಾತು, 2.1 ಲೀಟರಿಗೇ ಎಚ್ಚರಿಕೆಯ ಗೆರೆ ಬಂತು.

ತೆಳ್ಳಗಿರುವವರ ಕಷ್ಟ ಕಡಿಮೆ ಚರ್ಚೆಯಾಗುತ್ತದೆ. ಅವರಲ್ಲಿ ತೆಗೆಯಲು ಕೊಬ್ಬೇ ಇರದು. ಇದಕ್ಕಾಗಿ ಶಸ್ತ್ರಕ್ರಿಯೆಗೆ ಮುನ್ನ ಬೇಕೆಂದೇ ತಿಂದು ದಪ್ಪಗಾಗುವ ಅಭ್ಯಾಸವೂ ಹುಟ್ಟಿಕೊಂಡಿತು. ಇದು ತನ್ನ ಉದ್ದೇಶವನ್ನೇ ಕೆಡಿಸಿಕೊಳ್ಳುವ ದಾರಿ. ಕಾರಣವನ್ನು ಸ್ಟಾಕ್‌ಹೋಮಿನ ಕ್ಯಾರೊಲಿನ್‌ಸ್ಕಾ ಸಂಸ್ಥೆಯ ಸಂಶೋಧಕರು 2008ರಲ್ಲಿ ವಿವರಿಸಿದರು. ಶೀತಲ ಸಮರದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ವಿಕಿರಣಶೀಲ ಇಂಗಾಲವನ್ನು ಕೊಬ್ಬಿನ ಕಣಗಳಲ್ಲಿ ಅಳೆದು ಅವುಗಳ ವಯಸ್ಸನ್ನು ಲೆಕ್ಕಹಾಕಿದ ಈ ಅಧ್ಯಯನದಲ್ಲಿ, ವಯಸ್ಕರಲ್ಲಿ ಕಣಗಳ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿಯೇ ಉಳಿಯುವುದು ತಿಳಿಯಿತು. ತೂಕ ಏರಿಳಿದಾಗ ಬಹುಮಟ್ಟಿಗೆ ಬದಲಾಗುವುದು ಕಣದ ಗಾತ್ರ. ಹೊಟ್ಟೆಯಿಂದ ಕೆನ್ನೆಗೆ ಬಂದ ಕಣವೂ ಹೀಗೆಯೇ ಉಬ್ಬುತ್ತದೆ, ಹೀಗೆಯೇ ಕುಗ್ಗುತ್ತದೆ. ಆತುರದಲ್ಲಿ ಗಳಿಸಿದ ಐದು ಕಿಲೋ ಇಳಿದರೆ ಕಸಿಯೂ ಇಳಿಯುತ್ತದೆ. ಕೆಲವು ತಿಂಗಳಾದರೂ ತೂಕ ಸ್ಥಿರವಾಗಿರಲಿ ಎಂದು ಅನುಭವಿ ಸರ್ಜನ್ನರು ಕೇಳುವುದು ಇದಕ್ಕೇ. ಭಾರತದಲ್ಲಿ ಇನ್ನೊಂದು ಚಿಂತೆಯಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲೂ ಅರ್ಧಕ್ಕೆ ಹತ್ತಿರ. ಹಿಮೋಗ್ಲೋಬಿನ್ ನೋಡದೆ ಇಂಥವರ ಮೈಗೆ ನಳಿಕೆ ಇಳಿಸುವುದು ಅಕ್ಷಮ್ಯ.

ಇಷ್ಟಾಗಿಯೂ ಅತಿ ದೊಡ್ಡ ಅಪಾಯವನ್ನು ತೂಕದ ಲೆಕ್ಕದಿಂದ ತಡೆಯಲಾಗಲಿಲ್ಲ. ಬ್ರೆಜಿಲಿಯನ್ ಬಟ್ ಲಿಫ್ಟ್ ಎಂದು ಕರೆಯುವ, ಪೃಷ್ಠಕ್ಕೆ ಕೊಬ್ಬು ತುಂಬುವ ಶಸ್ತ್ರಕ್ರಿಯೆ ಜನಪ್ರಿಯವಾದಂತೆ ಆರೋಗ್ಯವಂತ ಯುವತಿಯರೇ ಸತ್ತರು. ಮೆಕ್ಸಿಕೋ ಮತ್ತು ಕೊಲಂಬಿಯದ 22 ಸಾವುಗಳನ್ನು ಪರಿಶೀಲಿಸಿದ ವರದಿ 2015ರಲ್ಲಿ ಬಂತು. 2017ರ ಅಂತರರಾಷ್ಟ್ರೀಯ ಸಮೀಕ್ಷೆ ಸುಮಾರು 3,000ಕ್ಕೆ ಒಂದು ಸಾವೆಂದು ಅಂದಾಜಿಸಿತು. ಮರಣೋತ್ತರ ಪರೀಕ್ಷೆಗಳಲ್ಲಿ ಕಂಡದ್ದು ಒಂದೇ ಬಗೆ: ಸ್ನಾಯುವಿನೊಳಕ್ಕೆ ಹೋದ ಕೊಬ್ಬು, ಹರಿದ ದೊಡ್ಡ ರಕ್ತನಾಳದ ಮೂಲಕ ಹೃದಯಕ್ಕೂ ಶ್ವಾಸಕೋಶಕ್ಕೂ ನುಗ್ಗಿತ್ತು. ತೆಳ್ಳಗಿರುವವರಲ್ಲಿ ಚರ್ಮದಡಿಯ ಪದರ ತೆಳುವಾದ್ದರಿಂದ ನಳಿಕೆ ಸ್ನಾಯುವಿಗೆ ಜಾರುವುದು ಸುಲಭ. ದಪ್ಪಗಿರುವವರಲ್ಲಿ ಆಳವನ್ನು ಕೈಯಿಂದ ಅರಿಯುವುದು ಕಷ್ಟ. ಬ್ರಿಟನ್ನಿನ ಸೌಂದರ್ಯ ಸರ್ಜನ್ನರ ಸಂಘ 2018ರಲ್ಲಿ ಇದನ್ನು ಮಾಡಲೇಬೇಡಿ ಎಂದು ಸದಸ್ಯರಿಗೆ ತಿಳಿಸಿತು. 2022ರಲ್ಲಿ, ಚರ್ಮದಡಿಯ ಪದರದಲ್ಲಿ ಮಾತ್ರ, ಅಲ್ಟ್ರಾಸೌಂಡ್ ನೋಡಿಕೊಂಡೇ ಮಾಡಬಹುದೆಂದಿತು. ಫ್ಲಾರಿಡಾ 2019ರಲ್ಲಿ ಸ್ನಾಯುವಿಗೆ ಕೊಬ್ಬು ಚುಚ್ಚುವುದನ್ನು ನಿಷೇಧಿಸಿ, 2022ರಲ್ಲಿ ದಿನಕ್ಕೆ ಮೂರಕ್ಕಿಂತ ಹೆಚ್ಚು ಬೇಡವೆಂದು ಕಟ್ಟು ಹಾಕಿತು. ದಣಿದ ಕೈ ಆಳವನ್ನು ಮರೆಯುತ್ತದೆ ಎಂಬ ಭಯ ಅದರ ಹಿಂದಿತ್ತು.

ಕರ್ನಾಟಕದಲ್ಲಿ ಈ ವಿಷಯ ಮನೆಮಾತಾದದ್ದು 2022ರ ಮೇ ತಿಂಗಳಲ್ಲಿ, ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೊಬ್ಬು ತೆಗೆಸಿಕೊಂಡ 21 ವರ್ಷದ ಕಿರುತೆರೆ ನಟಿ ಮೃತಪಟ್ಟಾಗ. ಹೀಗಾಗಿ ಇಂಥ ಚಿಕಿತ್ಸೆಗೆ ಹೋಗುವವರು ಅರಿವಳಿಕೆ ತಜ್ಞರು ಯಾರು, ತೀವ್ರ ನಿಗಾ ಘಟಕ ಅದೇ ಕಟ್ಟಡದಲ್ಲಿದೆಯೇ, ಸರ್ಜನ್ನರ ಪದವಿ ಯಾವುದು ಎಂದು ಕೇಳುವುದು ಸಂಕೋಚಪಡಬೇಕಾದ ಮಾತೇ ಅಲ್ಲ.

ಈಚಿನ ಪ್ರಶ್ನೆಗಳನ್ನು ತಂದವು ಸೆಮಾಗ್ಲುಟೈಡ್‌ನಂಥ ತೂಕ ಇಳಿಸುವ ಚುಚ್ಚುಮದ್ದುಗಳು. ಇವು ಹೊಟ್ಟೆ ಖಾಲಿಯಾಗುವುದನ್ನು ನಿಧಾನಗೊಳಿಸುವುದರಿಂದ ಅರಿವಳಿಕೆಯಲ್ಲಿ ಆಹಾರ ಶ್ವಾಸಕೋಶಕ್ಕೆ ಹೋಗುವ ಭಯವಿದೆ. ವಾರಕ್ಕೊಮ್ಮೆಯ ಮದ್ದನ್ನು ಒಂದು ವಾರ ಮೊದಲೇ ನಿಲ್ಲಿಸಿ ಎಂದು ಅಮೆರಿಕದ ಅರಿವಳಿಕೆ ತಜ್ಞರ ಸಂಘ 2023ರಲ್ಲಿ ಸೂಚಿಸಿತು. ಮರುವರ್ಷ, ರೋಗಿಯನ್ನು ನೋಡಿ ತೀರ್ಮಾನಿಸಿ ಎಂದು ಮಿತಿಯನ್ನು ಸಡಿಲಿಸಲಾಯಿತು. ಈ ಮದ್ದಿನಿಂದ ಮುಖ ಸೊರಗಿದವರು ಕೆನ್ನೆಗೆ ಕೊಬ್ಬು ತುಂಬಿಸಿಕೊಳ್ಳಲು ಬರುತ್ತಾರೆ. ತೂಕ ಇನ್ನೂ ಇಳಿಯುತ್ತಿರುವಾಗಲೇ ತುಂಬಿದರೆ ಆ ಕಸಿಯೂ ಸೊರಗುವುದರಿಂದ, ತಕ್ಕಡಿಯ ಅಂಕಿ ಒಂದೆಡೆ ನಿಲ್ಲುವವರೆಗೆ ಕಾಯಲು ಸರ್ಜನ್ನರು ಹೇಳುತ್ತಾರೆ.