ಗೆಲುವಿನ ಲೆಕ್ಕವಿಡದ ಗುರು

ಧರ್ಮಕೇಂದ್ರಗಳ ಸ್ಮರಣ ಸಂಚಿಕೆಗಳಲ್ಲಿ ದೇವಾಲಯಕ್ಕೆ ಅಡಿಗಲ್ಲಿಟ್ಟವರ, ಗಂಟೆಗೋಪುರ ಕಟ್ಟಿಸಿದವರ, ಶಾಲೆ ತೆರೆದವರ ಹೆಸರುಗಳು ತಪ್ಪದೆ ಬರುತ್ತವೆ. ಆ ಶಾಲೆಯ ಅಂಗಳದಲ್ಲಿ ಸೀಟಿ ಊದುತ್ತ, ಸುಣ್ಣದ ಗೆರೆ ಎಳೆಸುತ್ತ, ಬಿಸಿಲಲ್ಲಿ ಮಕ್ಕಳೊಡನೆ ಓಡಾಡಿದ ಡ್ರಿಲ್ ಮಾಸ್ತರರ ಹೆಸರು ಮಾತ್ರ ಹಳೆಯ ವಿದ್ಯಾರ್ಥಿಗಳ ಬಾಯಲ್ಲಿ ಉಳಿಯುತ್ತದೆಯೇ ಹೊರತು ಅಚ್ಚಿಗೆ ಏರುವುದು ಅಪರೂಪ. ಆದ್ದರಿಂದ ಈ ಸಂಚಿಕೆಯಲ್ಲಿ ಅಂಥ ಶಿಕ್ಷಕ ಪರಂಪರೆಯ ಮೂಲಪುರುಷರೊಬ್ಬರನ್ನು ಸ್ಮರಿಸುವುದು ಉಚಿತವೆಂದು ತೋರಿತು. ಬಾಸ್ಕೆಟ್‌ಬಾಲ್ ಆಟದ ಜನಕರಾದ ಜೇಮ್ಸ್ ನೈಸ್ಮಿತ್ ಅವರೇ ಆ ಮಹನೀಯರು.

1861ರ ನವೆಂಬರ್ 6ರಂದು ಕೆನಡಾ ದೇಶದ ಆಲ್ಮಂಟ್ ಎಂಬ ಊರಿನ ಬಳಿ ಜನಿಸಿದ ಈ ಬಾಲಕನು 1870ರಲ್ಲಿ, ವಿಷಮಶೀತ ಜ್ವರದ ದೆಸೆಯಿಂದ, ಕೆಲವೇ ವಾರಗಳ ಅಂತರದಲ್ಲಿ ತಂದೆ ತಾಯಿಯರಿಬ್ಬರನ್ನೂ ಕಳೆದುಕೊಂಡನು. ಸೋದರಮಾವನ ಮನೆಯೇ ಆಶ್ರಯವಾಯಿತು. ಓದನ್ನು ನಡುವೆಯೇ ಬಿಟ್ಟು ಕಾಡಿನಲ್ಲಿ ಮರ ಕಡಿಯುವ ಕೆಲಸಕ್ಕೆ ಹೋದದ್ದೂ ಉಂಟು. ಮತ್ತೆ ಶಾಲೆಗೆ ಮರಳಿ, ಮಾಂಟ್ರಿಯಲ್ ನಗರದಲ್ಲಿ ಪದವಿಯನ್ನೂ ದೈವಶಾಸ್ತ್ರದ ಶಿಕ್ಷಣವನ್ನೂ ಮುಗಿಸಿದರು. ಅವರು ಪ್ರೆಸ್ಬಿಟೇರಿಯನ್ ಸಭೆಗೆ ಸೇರಿದವರು. ಬೋಧಕರಾಗುವರೆಂದು ಮನೆಯವರು ನಿರೀಕ್ಷಿಸಿದ್ದರೆ, ಅವರು ಆರಿಸಿಕೊಂಡದ್ದು ಆಟದ ಅಂಗಳವನ್ನು. ಯುವಕರ ನಡತೆಯನ್ನು ಪ್ರಸಂಗಪೀಠದಿಂದ ಮಾತ್ರವಲ್ಲದೆ ಆಟದಿಂದಲೂ ತಿದ್ದಬಹುದೆಂಬುದು ಅವರ ದೃಢವಾದ ನಂಬಿಕೆಯಾಗಿತ್ತು. 1890ರಲ್ಲಿ ಅಮೆರಿಕೆಯ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈ.ಎಂ.ಸಿ.ಎ. ತರಬೇತಿ ಶಾಲೆಯನ್ನು ಸೇರಿದರು.

ಮರುವರ್ಷದ ಚಳಿಗಾಲದಲ್ಲಿ ಆ ಶಾಲೆಯ ಹದಿನೆಂಟು ಮಂದಿ ಯುವಕರ ತರಗತಿಯೊಂದು ಶಿಕ್ಷಕರಿಗೆ ತಲೆನೋವಾಗಿತ್ತು. ಹೊರಗೆ ಹಿಮ, ಒಳಗೆ ಬೇಸರದ ಕವಾಯತು. ಇವರಿಗೊಂದು ಹೊಸ ಆಟವನ್ನು ಹದಿನಾಲ್ಕು ದಿನಗಳಲ್ಲಿ ಹುಡುಕಿಕೊಡಬೇಕೆಂದು ಮೇಲಧಿಕಾರಿ ಲೂಥರ್ ಗುಲಿಕ್ ಅವರು ನೈಸ್ಮಿತ್‌ರಿಗೆ ಹೇಳಿದರು. ಇಲ್ಲಿ ಅವರು ಯೋಚಿಸಿದ ಬಗೆ ಗಮನಾರ್ಹವಾದುದು. ಚೆಂಡಾಟಗಳಲ್ಲಿ ಕೈಕಾಲು ಮುರಿಯುವುದೇಕೆ? ಚೆಂಡನ್ನು ಹಿಡಿದು ಓಡುವವನನ್ನು ತಡೆಯಬೇಕಾದರೆ ಕೆಡವಲೇಬೇಕು. ಹಾಗಾದರೆ ಹಿಡಿದು ಓಡುವುದನ್ನೇ ನಿಷೇಧಿಸಿದರೆ? ಗುರಿಯು ನೆಲದ ಮೇಲೆ ನೆಟ್ಟಗೆ ನಿಂತಿದ್ದರೆ ಬಲವಾಗಿ ಹೊಡೆದವನೇ ಗೆಲ್ಲುತ್ತಾನೆ. ಅದನ್ನು ತಲೆಯ ಮೇಲೆ, ಬಾಯಿ ಆಕಾಶಕ್ಕೆ ಇರುವಂತೆ ಕಟ್ಟಿದರೆ ಚೆಂಡನ್ನು ಮೆಲ್ಲನೆ ಕಮಾನಿನಂತೆ ತೂರಬೇಕಾಗುತ್ತದೆ. ಬಂಡೆಯ ಮೇಲಿನ ಕಲ್ಲನ್ನು ಕಲ್ಲೆಸೆದು ಬೀಳಿಸುವ ಬಾಲ್ಯದ ಹಳ್ಳಿಯಾಟವೊಂದು ಅವರಿಗೆ ಈ ಹೊಳಹನ್ನು ಕೊಟ್ಟಿತು. ಪೆಟ್ಟಿಗೆಗಳಿವೆಯೇ ಎಂದು ಕೇಳಿದಾಗ ಶಾಲೆಯ ಜವಾನನು ತಂದುಕೊಟ್ಟದ್ದು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು. ಅವುಗಳನ್ನು ಬಡಿದ ಮೊಗಸಾಲೆಯ ಅಂಚು ಹತ್ತು ಅಡಿ ಎತ್ತರದಲ್ಲಿತ್ತು. ಇಂದಿಗೂ ಜಗತ್ತಿನಾದ್ಯಂತ ಬಳೆಯ ಎತ್ತರ ಅಷ್ಟೇ. ಹದಿಮೂರು ನಿಯಮಗಳನ್ನು ಬರೆದು ಗೋಡೆಗೆ ಹಚ್ಚಿ, 1891ರ ಡಿಸೆಂಬರ್ 21ರಂದು ಮೊದಲ ಆಟ ಆಡಿಸಿದರು. ಇಡೀ ಆಟದಲ್ಲಿ ಚೆಂಡು ಬುಟ್ಟಿಗೆ ಬಿದ್ದದ್ದು ಒಮ್ಮೆ ಮಾತ್ರ!

ಆ ಸ್ಪ್ರಿಂಗ್‌ಫೀಲ್ಡ್ ಶಾಲೆಯಲ್ಲೇ ಮುಂದೆ ಕಲಿತ ಹ್ಯಾರಿ ಕ್ರೋ ಬಕ್ ಎಂಬವರು ಭಾರತಕ್ಕೆ ಬಂದು, 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣದ ಶಾಲೆಯೊಂದನ್ನು ತೆರೆದರು. ಮೊದಲಿಗೆ ಐವರೇ ವಿದ್ಯಾರ್ಥಿಗಳು. 1943ರಲ್ಲಿ ತೀರಿಕೊಳ್ಳುವವರೆಗೂ ಬಕ್ ದಂಪತಿಗಳ ಕಾರ್ಯಕ್ಷೇತ್ರ ಅದೇ ಆಗಿತ್ತು. ದಕ್ಷಿಣದ ಶಾಲೆಗಳ ಎಷ್ಟೋ ವ್ಯಾಯಾಮ ಶಿಕ್ಷಕರು ಅಲ್ಲಿ ತರಬೇತಿ ಪಡೆದು ಬಂದರು. ಅದು ಪ್ರೊಟೆಸ್ಟಂಟ್ ಬಾಂಧವರು ಕಟ್ಟಿದ ಸಂಸ್ಥೆಯಾದರೂ ಆಟಕ್ಕೆ ಪಂಗಡವೆಲ್ಲಿಯದು? ಕಥೋಲಿಕ ಶಾಲೆಗಳೂ ಈ ಆಟವನ್ನು ಸಂತೋಷದಿಂದ ಬರಮಾಡಿಕೊಂಡವು. 28 ಮೀಟರ್ ಉದ್ದ, 15 ಮೀಟರ್ ಅಗಲದ ಜಾಗವಿದ್ದರೆ ಸಾಕು. ಕಿರಿದಾದ ಅಂಗಳವುಳ್ಳ ಶಾಲೆಗೆ ಇದಕ್ಕಿಂತ ಅನುಕೂಲವಾದ ಆಟವಿಲ್ಲ. ನಮ್ಮ ಗಿಲ್ಲೆಸುಗೂರು, ಮಾನ್ವಿ, ದೇವದುರ್ಗದ ಕಡೆ ಒಂದೇ ತೊಡಕು: ಎರೆ ನೆಲ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಕಾಲಿಗೆ ಅಂಟುತ್ತದೆ. ಗರಸು ಹಾಕಿ ದಮ್ಮಸ್ಸು ಮಾಡದೆ ಚೆಂಡು ಪುಟಿಯದು.

ನೈಸ್ಮಿತ್‌ರ ವಿಷಯಕ್ಕೆ ಮರಳೋಣ. ಅವರು ವೈದ್ಯ ಪದವಿಯನ್ನೂ ಪಡೆದು, 1898ರಲ್ಲಿ ಕಾನ್ಸಾಸ್ ವಿಶ್ವವಿದ್ಯಾಲಯಕ್ಕೆ ಬಂದು, 1937ರವರೆಗೆ ಅಲ್ಲಿಯೇ ಪಾಠ ಹೇಳಿದರು. 1907ರವರೆಗೆ ಅಲ್ಲಿನ ತಂಡಕ್ಕೂ ಅವರೇ ಹೊಣೆ. ಗೆದ್ದ ಪಂದ್ಯಗಳು 55, ಸೋತವು 60. ಆಟವನ್ನು ಸೃಷ್ಟಿಸಿದವರ ಲೆಕ್ಕದಲ್ಲೇ ಸೋಲು ಹೆಚ್ಚು! ಇದನ್ನು ಹಾಸ್ಯದ ಸಂಗತಿಯಾಗಿ ಹೇಳುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಗೆಲುವಿನ ತಂತ್ರ ಹೇಳಿಕೊಡುವುದಕ್ಕಿಂತ ಹುಡುಗರ ಆರೋಗ್ಯ ಮತ್ತು ನಡತೆಯನ್ನು ನೋಡಿಕೊಳ್ಳುವುದೇ ತಮ್ಮ ಕೆಲಸವೆಂದು ಅವರು ಬಗೆದಿದ್ದರು. ಗೆಲುವಿನ ವಿದ್ಯೆಯನ್ನು ಅವರ ಶಿಷ್ಯ ಫಾರೆಸ್ಟ್ ಆ್ಯಲನ್ ಬೆಳೆಸಿ ಹೆಸರಾದರು.

1933ರಲ್ಲಿ ಜಾನ್ ಮೆಕ್‌ಲೆಂಡನ್ ಎಂಬ ಕಪ್ಪು ಜನಾಂಗದ ಯುವಕನು ಕಾನ್ಸಾಸಿಗೆ ಬಂದನು. ಅವನಿಗೆ ವಿಶ್ವವಿದ್ಯಾಲಯದ ತಂಡದಲ್ಲಿ ಸ್ಥಾನವಿಲ್ಲ. ಈಜುಕೊಳದ ನೀರಿಗೆ ಇಳಿಯುವುದಕ್ಕೂ ಅಡ್ಡಿ. ಬಾವಿಯ ನೀರು, ಕೆರೆಯ ನೀರು ಯಾರಿಗೆ ಸಲ್ಲತಕ್ಕದ್ದೆಂಬ ಜಗಳವನ್ನು ಕಂಡ ನಮ್ಮ ಹಳ್ಳಿಗಳ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತನ್ನ ಮಾರ್ಗದರ್ಶಕರು ನೈಸ್ಮಿತ್‌ರೇ ಆಗಬೇಕೆಂದು ತಂದೆ ಹೇಳಿ ಕಳುಹಿಸಿದ್ದನ್ನು ಯುವಕನು ತಿಳಿಸಿದಾಗ, ಎಪ್ಪತ್ತು ದಾಟಿದ್ದ ಆ ಗುರುಗಳು ಅವನನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು. ಈಜುಕೊಳದ ವಿಷಯದಲ್ಲಿ ಅವನ ಬೆಂಬಲಕ್ಕೆ ನಿಂತರು. ಅವನು ತಂಡದಲ್ಲಿ ಆಡಲಾರನಾದರೂ ತರಬೇತಿ ನೀಡುವ ವಿದ್ಯೆಯನ್ನು ಅವನಿಗೆ ಧಾರೆಯೆರೆದರು. 1936ರಲ್ಲಿ ಮೆಕ್‌ಲೆಂಡನ್ ದೈಹಿಕ ಶಿಕ್ಷಣದಲ್ಲಿ ಪದವಿ ಪಡೆದು ಹೊರಬಂದರು.

ಅದೇ ವರ್ಷ ಬರ್ಲಿನ್ ಒಲಿಂಪಿಕ್ಸಿನಲ್ಲಿ ಬಾಸ್ಕೆಟ್‌ಬಾಲ್ ಮೊದಲ ಬಾರಿಗೆ ಪದಕದ ಆಟವಾಯಿತು. ಮುದುಕರಾಗಿದ್ದ ನೈಸ್ಮಿತ್‌ರ ಪ್ರಯಾಣದ ಖರ್ಚಿಗೆ ಅಮೆರಿಕೆಯ ತರಬೇತುದಾರರು ಹಣ ಕೂಡಿಸಿದರು. ಆಟದಿಂದ ಅವರು ಹಣ ಗಳಿಸಿದವರಲ್ಲ. ಆಗಸ್ಟ್ 14ರ ಅಂತಿಮ ಪಂದ್ಯ ನಡೆದದ್ದು ಬಯಲಿನ ಮಣ್ಣಿನಂಗಳದಲ್ಲಿ, ಸುರಿಯುವ ಮಳೆಯಲ್ಲಿ. ಅಮೆರಿಕೆಯು ಅವರ ಹುಟ್ಟುನಾಡಾದ ಕೆನಡಾವನ್ನು 19–8ರಿಂದ ಸೋಲಿಸಿತು. ಅದೇ ಮಳೆಯಿಂದ ಮುಂದೂಡಲ್ಪಟ್ಟ ಹಾಕಿ ಪಂದ್ಯದಲ್ಲಿ ಮರುದಿನ ಧ್ಯಾನಚಂದರ ಭಾರತ ತಂಡ ಜರ್ಮನಿಯನ್ನು 8–1ರಿಂದ ಸೋಲಿಸಿದ್ದನ್ನು ವಾಚಕರು ಬಲ್ಲರು.

1939ರ ನವೆಂಬರ್ 28ರಂದು ನೈಸ್ಮಿತ್ ನಿಧನರಾದರು. ಆ ಹೊತ್ತಿಗೆ ಮೆಕ್‌ಲೆಂಡನ್ ಉತ್ತರ ಕೆರೊಲಿನಾದ ಡರ್ಹಮ್ ಪಟ್ಟಣದಲ್ಲಿ ಕಪ್ಪು ವಿದ್ಯಾರ್ಥಿಗಳ ಕಾಲೇಜೊಂದರಲ್ಲಿದ್ದರು. ಅಲ್ಲಿ ಬಿಳಿಯರೂ ಕರಿಯರೂ ಒಂದೇ ಅಂಗಳದಲ್ಲಿ ಆಡುವಂತಿರಲಿಲ್ಲ. 1944ರ ಮಾರ್ಚ್ 12, ಭಾನುವಾರ. ಊರಿನವರೆಲ್ಲ ಆರಾಧನೆಗೆ ಹೋಗಿದ್ದ ಹೊತ್ತು. ಸಮೀಪದ ಡ್ಯೂಕ್ ವೈದ್ಯಕೀಯ ಶಾಲೆಯ ಬಿಳಿಯ ವಿದ್ಯಾರ್ಥಿಗಳ ತಂಡ ಗುಟ್ಟಾಗಿ ಬಂದಿತು. ಬಾಗಿಲಿಗೆ ಅಗಳಿ ಹಾಕಿ, ಪ್ರೇಕ್ಷಕರಿಲ್ಲದೆ ಆಡಿದರು. ಮೆಕ್‌ಲೆಂಡನ್‌ರ ಹುಡುಗರು 88–44ರಿಂದ ಗೆದ್ದರು. ಆ ಬಳಿಕ ಎರಡು ತಂಡಗಳವರೂ ಬೆರೆತು, ಹೊಸದಾಗಿ ಪಾಳಿ ಹಂಚಿಕೊಂಡು, ಮತ್ತೊಂದು ಆಟ ಆಡಿದರು.